ಐದು ಸೆಕೆಂಡ್ ಹಿಂದಿದ್ದ ಡಬ್ಬಿ

ದಾವಣಗೆರೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅರ್ಧ ಜಾಗ ಅಮ್ಮನ ಜೋಳದ ಚೀಲಗಳಿಗೆ, ಅರ್ಧ ನನ್ನ ಮೇಜಿಗೆ. ಆ ಶನಿವಾರ ಬೆಳಿಗ್ಗೆ ಮೇಜಿನ ಮೇಲೆ ಎರಡು ಡಬ್ಬಿ ಇದ್ದವು. ಒಂದು ನಮ್ಮ ಕಂಪನಿಯದು, ಕಾರಿನೊಳಗೆ ಕೂರುವ ಓಬಿಯು. ಇನ್ನೊಂದು ಬೇರೆ ಕಂಪನಿಯದು, ಸಿಗ್ನಲ್ ಕಂಬಕ್ಕೆ ಕಟ್ಟುವ ಆರ್‌ಎಸ್‌ಯು. ಈಗ ಯಾವ ದೀಪ ಉರಿಯುತ್ತಿದೆ, ಇನ್ನೆಷ್ಟು ಹೊತ್ತಿಗೆ ಬದಲಾಗುತ್ತದೆ ಅಂತ ಕಂಬದ ಡಬ್ಬಿ ಸೆಕೆಂಡಿಗೆ 10 ಸಲ ಹೇಳುತ್ತಿರಬೇಕು. ಕಾರಿನ ಡಬ್ಬಿ ಅದನ್ನು ಕೇಳಿಸಿಕೊಂಡು ಡ್ರೈವರನ್ನು ಎಚ್ಚರಿಸಬೇಕು.

ಇವು ಮಾತಾಡುವುದು 5.9 ಗಿಗಾಹರ್ಟ್ಸ್‌ನಲ್ಲಿ. ತರಂಗವನ್ನು ಗಾಳಿಗೆ ಬಿಡದೆ ಎರಡನ್ನೂ ಕೇಬಲ್‌ನಿಂದ ಜೋಡಿಸಿದ್ದೆ. ನಡುವೆ ಶಕ್ತಿ ತಗ್ಗಿಸುವ ಅಟೆನ್ಯುಯೇಟರ್ ಹಾಕಲೇಬೇಕು. ಇಲ್ಲದಿದ್ದರೆ ಕಿವಿಗೆ ಬಾಯಿಟ್ಟು ಕೂಗಿದ ಹಾಗೆ, ಏನೂ ಅರ್ಥವಾಗುವುದಿಲ್ಲ. ಡಬ್ಬಿಗಳಿಗೆ ಸಮಯ ತಿಳಿಸುವ ಜಿಪಿಎಸ್ ಆಂಟೆನಾ ಎರಡನ್ನೂ ತಾರಸಿಯಲ್ಲಿ, ಅಮ್ಮ ಒಣಗಲು ಹಾಕಿದ್ದ ಸಂಡಿಗೆಯ ಪಕ್ಕದಲ್ಲಿ ಇಟ್ಟು ವೈರನ್ನು ಕಿಟಕಿಯಿಂದ ಒಳಗೆ ತಂದಿದ್ದೆ.

ಸ್ವಿಚ್ ಹಾಕಿದೆ. ಪರದೆಯ ಮೇಲೆ 'ಬಂದ ಸಂದೇಶ' ಸೆಕೆಂಡಿಗೆ ಹತ್ತರಂತೆ ಏರುತ್ತಿತ್ತು. ಪಕ್ಕದಲ್ಲಿ 'ಒಪ್ಪಿದ ಸಂದೇಶ' ಸೊನ್ನೆ. ಅರ್ಧ ಗಂಟೆ ಬಿಟ್ಟು ನೋಡಿದರೂ ಸೊನ್ನೆ.

ರೇಡಿಯೋ ಸರಿಯಿತ್ತು. ಪ್ರತಿ ಸಂದೇಶಕ್ಕೂ ಕಳಿಸಿದವರ ಡಿಜಿಟಲ್ ಸಹಿ ಇರುತ್ತದೆ, ಅದೂ ಸರಿಯಿತ್ತು. ತಿರಸ್ಕಾರಕ್ಕೆ ನಮ್ಮ ಡಬ್ಬಿ ಕೊಡುತ್ತಿದ್ದ ಕಾರಣ ಒಂದೇ: ಸಂದೇಶ ಹಳೆಯದು. ಎರಡು ಸೆಕೆಂಡಿಗಿಂತ ಹಳೆಯ ಮಾತನ್ನು ನಂಬಬೇಡ ಅಂತ ಅದಕ್ಕೆ ನಾವೇ ಹೇಳಿಟ್ಟಿದ್ದೆವು. ಆದರೆ ಕೇಬಲ್ ಇರುವುದು ಒಂದು ಮೀಟರ್. ಅದರಲ್ಲಿ ಸಂದೇಶ ಹಳೆಯದಾಗುವುದು ಹೇಗೆ?

ಕಂಬದ ಡಬ್ಬಿಯ ಕಂಪನಿಯ ಎಂಜಿನಿಯರ್‌ಗೆ ಫೋನ್ ಮಾಡಿದೆ. "ನಮ್ಮ ಎರಡು ಡಬ್ಬಿ ಪಕ್ಕಪಕ್ಕ ಇಟ್ಟರೆ ಚೆನ್ನಾಗಿ ಮಾತಾಡ್ತವೆ ಮೇಡಂ, ನಿಮ್ಮದನ್ನೇ ಒಂದ್ಸಲ ನೋಡಿ" ಅಂದರು. ಅವರು ಹೇಳಿದ್ದು ನಿಜವೇ ಇತ್ತು. ನಮ್ಮ ಟೀಮಿನವರು, "ಸದ್ಯಕ್ಕೆ ಎರಡು ಸೆಕೆಂಡನ್ನು ಹತ್ತು ಮಾಡಿಬಿಡಿ, ಸರ್ಟಿಫಿಕೇಷನ್‌ಗೆ ಕಳಿಸೋ ಹೊತ್ತಿಗೆ ನೋಡಿಕೊಳ್ಳೋಣ" ಅಂದರು. ಒಂದೇ ಸಾಲಿನ ಕೆಲಸ. ಕೈ ಕೀಬೋರ್ಡಿಗೆ ಹೋಗಿಯೂ ಇತ್ತು.

ಅಷ್ಟರಲ್ಲಿ ಮಾವ ಬಂದರು. ಅಮ್ಮನ ತಮ್ಮ, ಚಿತ್ರದುರ್ಗದಲ್ಲಿ ಲಾರಿ ಇಟ್ಟುಕೊಂಡಿದ್ದಾರೆ. ಮೆಕ್ಕೆಜೋಳದ ಲೋಡ್ ಇಳಿಸಿ, ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದರು. "ಏನವ್ವಾ, ರಜೆ ದಿನಾನೂ ಕೆಲ್ಸನಾ?" ಅಂದರು. ನಾನು ಡಬ್ಬಿಗಳ ಜಗಳ ಹೇಳಿದೆ. ಮಿರ್ಚಿ ಮುರಿಯುತ್ತಾ ಕೇಳಿ, "ಇದು ನಮ್ ರೈಟ್ ಇಂಡಿಕೇಟರ್ ಕತೆ ಇದ್ದಂಗೈತೆ" ಅಂದರು.

ಹೈವೇಯಲ್ಲಿ ಮುಂದಿನ ಲಾರಿ ಬಲಗಡೆಯ ಇಂಡಿಕೇಟರ್ ಹಾಕಿದರೆ ಕೆಲವರ ಲೆಕ್ಕದಲ್ಲಿ 'ದಾರಿ ಖಾಲಿ ಇದೆ, ಬಲಗಡೆಯಿಂದ ಹೋಗು'. ಇನ್ನು ಕೆಲವರ ಲೆಕ್ಕದಲ್ಲಿ 'ನಾನು ಬಲಕ್ಕೆ ಬರುತ್ತಿದ್ದೇನೆ, ನುಗ್ಗಬೇಡ'. "ನಮ್ ಕಡೆ ಗಾಡಿ ಆದ್ರೆ ಅವ್ನು ಏನ್ ಹೇಳ್ತಾನೆ ಅಂತ ಗೊತ್ತಾಗ್ತೈತೆ. ಹೊರಗಿನ ಗಾಡಿ ಆದ್ರೆ ನಾನು ನಂಬಲ್ಲ. ಬ್ರೇಕ್ ಮೇಲೆ ಕಾಲಿಟ್ಕಂಡು ಕಾಯ್ತೀನಿ." ಮೂವತ್ತು ವರ್ಷ ಲಾರಿ ಓಡಿಸಿದ ಮನುಷ್ಯ. ನನಗೆ ಆ ಮಾತು ತಟ್ಟಿತು.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಲಾರಿ ಐದು ಸೆಕೆಂಡಿಗೆ 111 ಮೀಟರ್ ಓಡುತ್ತದೆ. ಹತ್ತು ಸೆಕೆಂಡಿಗೆ 222. ಮಿತಿ ಹತ್ತು ಮಾಡಿದರೆ, ನಿಜವಾಗಿಯೂ ಹಳಸಿದ ಸಂದೇಶಕ್ಕೂ ನಮ್ಮ ಡಬ್ಬಿ ತಲೆಯಾಡಿಸುತ್ತದೆ. ಕೆಂಪಾಗಿ ಎಷ್ಟೋ ಹೊತ್ತಾದ ದೀಪವನ್ನು ಹಸಿರು ಅನ್ನುತ್ತದೆ. ಯಾರಾದರೂ ಸಂದೇಶವನ್ನು ಹಿಡಿದಿಟ್ಟುಕೊಂಡು ಸ್ವಲ್ಪ ತಡೆದು ಮತ್ತೆ ಬಿಟ್ಟರೂ ನಂಬುತ್ತದೆ. ಕೀಬೋರ್ಡಿನಿಂದ ಕೈ ತೆಗೆದೆ.

ಆಮೇಲೆ ಮಾಡಿದ್ದು ಮೊದಲೇ ಮಾಡಬೇಕಿದ್ದ ಕೆಲಸ. ಲಾಗ್ ತೆರೆದು, ಸಂದೇಶ ಬಂದ ಹೊತ್ತಿನಿಂದ ಅದರ ಮೇಲೆ ಬರೆದಿದ್ದ ಹೊತ್ತನ್ನು ಕಳೆದೆ. 5.021 ಸೆಕೆಂಡ್. ಮುಂದಿನದು 5.019. ಅದರ ಮುಂದಿನದು 5.022. ಐವತ್ತು ಸಂದೇಶ ಕಳೆದು ನೋಡಿದೆ, ಯಾವಾಗಲೂ ಐದು ಮತ್ತು ಒಂದಿಷ್ಟು ಮಿಲಿಸೆಕೆಂಡ್. ಸಾಫ್ಟ್‌ವೇರ್ ನಿಧಾನವಾಗಿದ್ದರೆ ಒಮ್ಮೆ ಮೂರು, ಒಮ್ಮೆ ಏಳು ಬರಬೇಕಿತ್ತು. ಇಷ್ಟು ಅಚ್ಚುಕಟ್ಟಾದ ಐದು ಅಂದರೆ ಅದು ತಡ ಅಲ್ಲ, ಎಣಿಕೆ.

ಆಗ ಹೊಳೆಯಿತು. ಭೂಮಿ ತಿರುಗುವ ವೇಗ ಗಡಿಯಾರದಷ್ಟು ಕಟ್ಟುನಿಟ್ಟಲ್ಲ. ಅದಕ್ಕೆ ಹೊಂದಿಸಲು ಲೋಕದ ಸಮಯಕ್ಕೆ ಆಗಾಗ ಒಂದು ಲೀಪ್ ಸೆಕೆಂಡ್ ಸೇರಿಸುತ್ತಾರೆ. ಕೊನೆಯದು 2016ರ ಡಿಸೆಂಬರ್ 31ರದು. ನಮ್ಮಲ್ಲಿ ಆಗ 2017ರ ಹೊಸ ವರ್ಷದ ಬೆಳಗಿನ ಜಾವ, ಐದೂವರೆ ಆಗುವ ಮುಂಚಿನ ಒಂದು ಸೆಕೆಂಡ್. ಈ ಡಬ್ಬಿಗಳ ಭದ್ರತಾ ನಿಯಮ ಐಇಇಇ 1609.2. ಅದರ ಪ್ರಕಾರ ಸಮಯವನ್ನು 2004ರ ಜನವರಿ 1ರಿಂದ ಎಣಿಸಬೇಕು, ನಡುವೆ ಬಂದ ಲೀಪ್ ಸೆಕೆಂಡ್‌ಗಳನ್ನೂ ಬಿಡದೆ ಎಣಿಸಬೇಕು. 2005, 2008, 2012, 2015, 2016. ಬೆರಳು ಮಡಚಿದೆ. ಐದು.

ಮಾಮೂಲಿ ಕಂಪ್ಯೂಟರ್ ಗಡಿಯಾರ ಈ ಸೆಕೆಂಡ್‌ಗಳನ್ನು ಎಣಿಸುವುದಿಲ್ಲ. ಅವರ ಸಾಫ್ಟ್‌ವೇರ್ ಅದನ್ನೇ ನೆಚ್ಚಿಕೊಂಡಿತ್ತು. ಎರಡೂ ಡಬ್ಬಿಗೆ ತಾರಸಿಯಿಂದ ಬರುತ್ತಿದ್ದ ಜಿಪಿಎಸ್ ಒಂದೇ, ಆದರೂ ಒಂದು ಐದು ಸೆಕೆಂಡ್ ಹಿಂದೆ. ಅವರದೇ ಎರಡು ಡಬ್ಬಿ ಜೊತೆಗಿಟ್ಟಾಗ ಎರಡೂ ಅಷ್ಟೇ ಹಿಂದಿದ್ದವು. ಯಾರಿಗೆ ಗೊತ್ತಾಗಬೇಕು?

ಸರ್ಟಿಫಿಕೇಷನ್ ಅಂದರೆ ಸುಮ್ನೆ ಒಂದು ಕಾಗದ ಅನ್ನುವವರನ್ನು ನಾನು ಜಾಸ್ತಿ ನೋಡಿದ್ದೇನೆ. ಅಮೆರಿಕದಲ್ಲಿ ಆಮ್ನಿಏರ್ ಎಂಬ ಸಂಘ ಇದೇ ಕೆಲಸ ಮಾಡುತ್ತದೆ. ಒಪ್ಪಿಗೆ ಪಡೆದ ಲ್ಯಾಬ್‌ಗಳಲ್ಲಿ ರೇಡಿಯೋ, ಸಹಿ, ಸಂದೇಶದ ರೂಪ ಎಲ್ಲವನ್ನೂ ನಿಯಮಕ್ಕೆ ಹಿಡಿದು ನೋಡುತ್ತಾರೆ. ಪ್ಲಗ್‌ಫೆಸ್ಟ್ ನಡೆಸಿ ಬೇರೆ ಬೇರೆ ಕಂಪನಿಯವರ ಡಬ್ಬಿಗಳನ್ನು ಎದುರುಬದುರು ಕೂರಿಸುತ್ತಾರೆ. ರಸ್ತೆಯಲ್ಲಿ ನಮ್ಮ ಕಾರಿಗೆ ಸಿಗುವ ಕಂಬ ನಮ್ಮ ಕಂಪನಿಯದೇ ಆಗಿರುವುದಿಲ್ಲ, ಅಲ್ವಾ?

ಐವತ್ತು ಸಾಲಿನ ಲೆಕ್ಕವನ್ನೂ ನಿಯಮದ ಆ ಭಾಗವನ್ನೂ ಆ ಎಂಜಿನಿಯರ್‌ಗೆ ಕಳಿಸಿದೆ. ಅವರು ವಾದ ಮಾಡಲಿಲ್ಲ. "ಸಿಕ್ಕಿತು ಮೇಡಂ, ಎರಡು ದಿನ ಕೊಡಿ" ಅಂತ ರಾತ್ರಿಯೇ ಉತ್ತರ ಬರೆದರು. ಮಾವ ಅಷ್ಟೊತ್ತಿಗೆ ಊಟ ಮುಗಿಸಿ ಖಾಲಿ ಲಾರಿಯಲ್ಲಿ ಚಿತ್ರದುರ್ಗಕ್ಕೆ ಹೊರಟಿದ್ದರು.

ಸೋಮವಾರ ಸಂಜೆ ಹೊಸ ಸಾಫ್ಟ್‌ವೇರ್ ಬಂತು. ನಮ್ಮ ಮಿತಿ ಎರಡೇ ಸೆಕೆಂಡ್ ಇರಲಿ ಅಂತ ಹಾಗೇ ಬಿಟ್ಟು ಸ್ವಿಚ್ ಹಾಕಿದೆ. ಬಂದದ್ದು ಹತ್ತು, ಒಪ್ಪಿದ್ದು ಹತ್ತು. ಬಂದದ್ದು ಇಪ್ಪತ್ತು, ಒಪ್ಪಿದ್ದು ಇಪ್ಪತ್ತು. ಅಮ್ಮನನ್ನು ಕರೆದು ತೋರಿಸಿದೆ. ಡಬ್ಬಿಗಳನ್ನು ಲ್ಯಾಬ್‌ಗೆ ಇನ್ನೂ ಕಳಿಸಿಲ್ಲ. ಮೂರನೇ ಕಂಪನಿಯದೊಂದು ಡಬ್ಬಿ ಬೇಕು ಅಂತ ಕೇಳಿದ್ದೇನೆ, ಮುಂದಿನ ವಾರ ಬರುತ್ತದೆ.