ಮೀಟರ್ ಚಿಪ್ಪಿನೊಳಗೇ ಇದ್ದರೆ

ದಾವಣಗೆರೆಯ ಮನೆಗೆ ಬಂದ ದಿನವೇ ನೆಟ್ ಹೋಗಿತ್ತು. ಬಾಕ್ಸಿನಲ್ಲಿ ಕೆಂಪು ದೀಪ. ಕೇಬಲ್ ಹುಡುಗ ಬಂದು ಫೈಬರ್ ತುದಿಯನ್ನು ಒರೆಸಿ, ಬೆಳಕು ಅಳೆಯುವ ಪವರ್ ಮೀಟರಿಗೆ ಸಿಕ್ಕಿಸಿ ನೋಡಿದ. "ಲೈಟೇ ಬರ್ತಿಲ್ಲ ಅಂಕಲ್" ಅಂತ ಅಪ್ಪನಿಗೆ ಹೇಳಿ ಕಂಬದ ಕಡೆ ಹೋದ.

"ನಿನ್ನ ಕೆಲಸಾನೂ ಇದೇ ಅಲ್ವಾ?" ಅಂದರು ಅಪ್ಪ.

ಹೆಚ್ಚುಕಮ್ಮಿ ಇದೇ. ಆದರೆ ನಾನು ನೋಡುವುದು ಸಿಲಿಕಾನ್ ಫೋಟಾನಿಕ್ಸ್ ಚಿಪ್ಪು, ಅಂದರೆ ಬೆಳಕಿನಲ್ಲೇ ಮಾಹಿತಿ ಕಳಿಸುವ ಚಿಪ್ಪು. ಅದರಲ್ಲಿ ಬೆಳಕು ಓಡುವ ದಾರಿ ಸುಮಾರು ಅರ್ಧ ಮೈಕ್ರಾನ್ ಅಗಲ ಅಷ್ಟೇ. ಹೊರಗಿನ ಫೈಬರನ್ನು ಅದಕ್ಕೆ ಸರಿಯಾಗಿ ಜೋಡಿಸುವುದೇ ದೊಡ್ಡ ಪರದಾಟ. ಅದಕ್ಕೇ ಪರೀಕ್ಷೆಯನ್ನು ಚಿಪ್ಪಿನೊಳಗೇ ಇಡುವುದು. ಕಳಿಸುವ ಬೆಳಕನ್ನು ತನ್ನದೇ ರಿಸೀವರಿಗೆ ತಿರುಗಿಸಿ, ಮೊದಲೇ ಗೊತ್ತಿರುವ ಬಿಟ್‌ಗಳ (0, 1ಗಳ) ಸಾಲು ಓಡಿಸಿದರೆ, ಎಷ್ಟು ತಪ್ಪಿ ಬಂತು ಅಂತ ಚಿಪ್ಪೇ ಎಣಿಸಿಕೊಳ್ಳುತ್ತದೆ. ಜಾಸ್ತಿ ಬಳಸುವ ಒಂದು ಸಾಲಿನ ಉದ್ದ 2,14,74,83,647 ಬಿಟ್!

ನನಗೆ ಕಾಡುವುದು ಒಂದೇ. ತಪ್ಪು ಬಂದರೆ ಅದು ಕಳಿಸಿದ ಕಡೆಯದೋ, ಕೇಳಿಸಿಕೊಂಡ ಕಡೆಯದೋ? ಇದು ಗೊತ್ತಾಗಲು ದಾರಿಯ ಮಧ್ಯೆ ಬೆಳಕನ್ನು ಅಳೆಯುವ ಪುಟ್ಟ ಫೋಟೋಡಯೋಡ್‌ಗಳು ಬೇಕು. ಮನೆಯವರ ನಡುವಿನ ಮಾತಿಗೂ ಇದು ಹೊಂದುತ್ತದೆ ಅನಿಸಿತು.

ಸಂಜೆಗೆ ಹಸಿರು ದೀಪ ಬಂತು. ಹುಡುಗನನ್ನು ಅಮ್ಮ ಸುಮ್ನೆ ಕಳಿಸಲಿಲ್ಲ, ಮಂಡಕ್ಕಿ, ಮಿರ್ಚಿ ಕೊಟ್ಟು ಕೂರಿಸಿದರು.