ಮೂರು ದಾರಿ ಕೂಡುವಲ್ಲಿ ಒಂದು ಚುಕ್ಕೆ

ನಮ್ಮ ಮನೆಗೆ ಬರುವ ಪಾರ್ಸೆಲ್‌ಗಳ ಮೇಲೆ ಬೆಂಗಳೂರು ಎಂದೇ ಬರೆದಿರುತ್ತದೆ. ಕಂದಾಯ ಕಟ್ಟುವುದು ಮಾತ್ರ ಗ್ರಾಮ ಪಂಚಾಯಿತಿಗೆ. ಆನೇಕಲ್ ತಾಲ್ಲೂಕು, ಸರ್ಜಾಪುರ ಹೋಬಳಿ. ರಾತ್ರಿ ಆಟೊ ಹಿಡಿದರೆ ಡಬಲ್ ಬಾಡಿಗೆ. "ಸಿಟಿ ದಾಟಿ ಬರಬೇಕಲ್ಲ ಮೇಡಂ, ವಾಪಸ್ ಖಾಲಿ ಹೋಗಬೇಕು." ಸಿಟಿ ಎಲ್ಲಿ ಮುಗಿಯುತ್ತದೆ ಎಂದು ಒಮ್ಮೆ ಕೇಳಿಯೇ ಬಿಟ್ಟೆ. "ಬೀದಿದೀಪ ನಿಲ್ಲುವ ಕಡೆ" ಎಂದ.

ಸರ್ಕಾರದ ಉತ್ತರಗಳಿಗಿಂತ ಇದೇ ವಾಸಿ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಆಯಿತು. 2025ರಲ್ಲಿ ಅದೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆ. ಇನ್ನು ಜನಗಣತಿಯ ಪ್ರಕಾರ ಒಂದು ಊರು ಪಟ್ಟಣವೆನಿಸಿಕೊಳ್ಳಲು ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ 400 ಜನ ಇರಬೇಕು. ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲಾದರೂ ಬೇಸಾಯ ಬಿಟ್ಟಿರಬೇಕು. ಹೆಂಗಸರು ಏನು ಕೆಲಸ ಮಾಡುತ್ತಾರೆ ಎಂಬುದು ಈ ಲೆಕ್ಕಕ್ಕೆ ಬೇಕಾಗಿಲ್ಲ. (ಕೆಂಪೇಗೌಡರ ಗೋಪುರಗಳ ಕಥೆ ಇಲ್ಲಿ ಬೇಡ, ಎಲ್ಲರೂ ಹೇಳಿಯಾಗಿದೆ.)

ನಕ್ಷೆ ಮಾಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ನಗರದ ಅಂಚಿನ ಗೆರೆಯನ್ನು ರಸ್ತೆಗಳೇ ಎಳೆಯಲಿ ಎಂದು ಒಂದು ಭಾನುವಾರ ಕುಳಿತೆ. ಉಪಾಯ ಸರಳ. ಯಾರು ಬೇಕಾದರೂ ಬರೆದು ತಿದ್ದಬಹುದಾದ ಅಂತರ್ಜಾಲದ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆಗಳನ್ನು ಇಳಿಸಿಕೊಂಡು, ಮೂರು ಅಥವಾ ಹೆಚ್ಚು ದಾರಿ ಕೂಡುವಲ್ಲೆಲ್ಲ ಒಂದು ಚುಕ್ಕೆ ಇಡುವುದು. ದಾರಿಗುಂಟ ಅಳೆದಾಗ ಗೊತ್ತುಪಡಿಸಿದ ಅಂತರದೊಳಗೆ ಸಿಗುವ ಚುಕ್ಕೆಗಳೆಲ್ಲ ಒಂದೇ ಗುಂಪು. ಊರೊಳಗೆ ಚುಕ್ಕೆಗಳು ಒತ್ತೊತ್ತಾಗಿರುತ್ತವೆ, ಹೊಲಗಳ ನಡುವೆ ವಿರಳ. ಗುಂಪು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ನಗರ ಮುಗಿಯಿತು. ನಗರಗಳ ಬಗ್ಗೆ ಸಂಶೋಧನೆ ಮಾಡುವ ಎಲ್ಸಾ ಆರ್ಕೌಟೆ ಮತ್ತು ಸಂಗಡಿಗರು 2016ರಲ್ಲಿ ಬ್ರಿಟನ್ನಿನ ಇಡೀ ರಸ್ತೆಜಾಲವನ್ನು ಹೀಗೆ ಜಾಲಾಡಿದ್ದರು. ಅಂತರ ಸುಮಾರು 300 ಮೀಟರ್ ಇದ್ದಾಗ ಅಲ್ಲಿಯ ನಗರಗಳು ಎದ್ದು ಕಂಡವು.

ನಮ್ಮಲ್ಲಿ ಅಷ್ಟು ಸಲೀಸಾಗಲಿಲ್ಲ. ನಡುವೆ ವಿಭಜಕವಿರುವ ರಸ್ತೆಯನ್ನು ನಕ್ಷೆಯಲ್ಲಿ ಎರಡು ಗೆರೆಯಾಗಿ ಬರೆದಿರುತ್ತಾರೆ; ಅಂಥ ಎರಡು ರಸ್ತೆ ಅಡ್ಡ ಹಾಯ್ದರೆ ಒಂದೇ ಸರ್ಕಲ್ಲಿಗೆ ನಾಲ್ಕು ಚುಕ್ಕೆ. ಅವನ್ನೆಲ್ಲ ಕೂಡಿಸಿ ಒಂದು ಮಾಡುವುದರಲ್ಲೇ ಮಧ್ಯಾಹ್ನ ಕಳೆಯಿತು. ಅಂತರ ಕಡಿಮೆ ಇಟ್ಟರೆ ಬೆಂಗಳೂರು ಒಡೆದ ಹಂಚಿನಂತೆ ಚೂರುಚೂರು. ಹೆಚ್ಚಿಸುತ್ತ ಹೋದರೆ ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆ ಒಂದೊಂದಾಗಿ ಅಂಟಿಕೊಂಡು, ಕೊನೆಗೆ ಚೆಕ್‌ಪೋಸ್ಟನ್ನೂ ಲೆಕ್ಕಿಸದೆ ಹೊಸೂರು ಒಳಗೆ ಬರುತ್ತದೆ. ಚುಕ್ಕೆಗಳಿಗೆ ತಮಿಳುನಾಡು ಗೊತ್ತಿಲ್ಲ.

300ಕ್ಕೆ ನಿಲ್ಲಿಸಿ ನೋಡಿದರೆ ನಮ್ಮ ಮನೆ ಒಳಗಿತ್ತು! ಖುಷಿಯಿಂದ ಅಪ್ಪನಿಗೆ ತೋರಿಸಿದೆ. ಅವರು ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆಸಿದವರು. ಕನ್ನಡಕ ಏರಿಸಿ, ಮನೆಯ ಪೂರ್ವಕ್ಕೆ ಸಾಲಾಗಿ ಬಿದ್ದಿದ್ದ ಚುಕ್ಕೆಗಳ ಮೇಲೆ ಬೆರಳಿಟ್ಟು, "ಇಲ್ಲಿ ಯಾವ ರಸ್ತೆ ಇದೆ?" ಎಂದರು.

ಸಂಜೆ ಸ್ಕೂಟರಿನಲ್ಲಿ ಹೋಗಿ ನೋಡಿದೆವು. ಲೇಔಟು. ಕಮಾನು ನಿಂತಿದೆ, ಜೆಸಿಬಿ ಎಳೆದ ಮೂವತ್ತಡಿಯ ಮಣ್ಣುರಸ್ತೆಗಳು ಗೀಟು ಹಾಕಿದಷ್ಟು ನೇರವಾಗಿವೆ, ಮೂಲೆಮೂಲೆಗೂ ಸುಣ್ಣ ಬಳಿದ ಕಲ್ಲು. ಮನೆ ಒಂದೂ ಇಲ್ಲ. ಎರಡು ಕಲ್ಲುಗಳ ನಡುವೆ ಯಾರೋ ರಾಗಿ ಬಿತ್ತಿದ್ದರು, ತೆನೆ ಕಟ್ಟಿತ್ತು. ಮಾರುವುದಕ್ಕೆಂದು ಕಡಿದ ಈ ದಾರಿಗಳನ್ನು ನಕ್ಷೆಯಲ್ಲಿ ಯಾರೋ ವಸತಿ ರಸ್ತೆಗಳೆಂದು ಗುರುತಿಸಿದ್ದರು. ನನ್ನ ಲೆಕ್ಕ ಅದನ್ನು ಕಣ್ಣುಮುಚ್ಚಿ ನಂಬಿತ್ತು.

ಲೇಔಟಿನ ಬೇಲಿಯಾಚೆ ಹೊಂಗೆ ಮರಗಳ ಕೆಳಗೆ ಸವೆದ ದಾರಿಯೊಂದಿತ್ತು. ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್, ಶಾಲೆಯ ಮಕ್ಕಳು, ಎಮ್ಮೆಗಳು, ಎಲ್ಲ ಅಲ್ಲೇ ಓಡಾಡುತ್ತಿದ್ದವು. "ಇದು ಬಂಡಿದಾರಿ. ಗ್ರಾಮ ನಕಾಶೆಯಲ್ಲಿ ಜೋಡಿ ಚುಕ್ಕೆಗೆರೆ ಇರುತ್ತದೆ. ಇದನ್ನು ಯಾಕಮ್ಮ ಬಿಟ್ಟೆ?" ಎಂದರು ಅಪ್ಪ. ಬಿಟ್ಟಿದ್ದೆ, ನಿಜ. ಹೊಲದ ದಾರಿಗಳು ನಗರಕ್ಕೇಕೆ ಎಂದು ಶುರುವಿನಲ್ಲೇ ಆ ಬಗೆಯನ್ನೆಲ್ಲ ಒಂದೇ ಏಟಿಗೆ ಅಳಿಸಿದ್ದೆ. ಯಾರೂ ನಡೆಯದ್ದು ಉಳಿದಿತ್ತು, ಊರೆಲ್ಲ ನಡೆಯುವುದು ಹೋಗಿತ್ತು.

ವಾರವಿಡೀ ರಾತ್ರಿ ಕುಳಿತು ಲೆಕ್ಕ ತಿದ್ದಿದೆ. ಐವತ್ತು ಮೀಟರಿನೊಳಗೆ ಕಟ್ಟಡವಿಲ್ಲದ ಚುಕ್ಕೆಗಳನ್ನು ಕಿತ್ತೆ, ಬಂಡಿದಾರಿಗಳನ್ನು ವಾಪಸು ಹಾಕಿದೆ. ಕಟ್ಟಡಗಳ ನಕ್ಷೆ ಎಲ್ಲ ಕಡೆಗೂ ಪೂರ್ತಿಯಾಗಿಲ್ಲ, ಆದ್ದರಿಂದ ಇದೂ ಕೊನೆಯ ಮಾತಲ್ಲ. ಸದ್ಯಕ್ಕೆ ಗೆರೆ ನಮ್ಮ ಬೀದಿಗಿಂತ ಎರಡು ತಿರುವು ಹಿಂದೆ, ದಿನಸಿ ಅಂಗಡಿಯ ಬಳಿ ನಿಂತಿದೆ. ನಿನ್ನೆ ರಾತ್ರಿ ಬರುವಾಗ ಆಟೊದಿಂದ ಇಣುಕಿದೆ. ಕೊನೆಯ ಬೀದಿದೀಪವೂ ಆ ಅಂಗಡಿಯ ಮುಂದೆಯೇ ಇದೆ. ಚೌಕಾಸಿ ಮಾಡದೆ ಡಬಲ್ ಕೊಟ್ಟೆ.