ಬಸ್ಯಾನ ಹಣೆಯ ಸುಳಿ

ಎಂಬ್ರಾಯ್ಡರಿ ಮಿಷನ್ ಮನೆಗೆ ಬಂದು ಮೂರು ತಿಂಗಳಾಗಿತ್ತು. ಅದರೊಳಗೇ ಇದ್ದ ಹೂವು, ಬಳ್ಳಿ, ನವಿಲುಗಳನ್ನು ಓಣಿಯವರ ಬ್ಲೌಸ್ ತೋಳಿಗೆ ಹಾಕಿ ಹಾಕಿ ನನಗೇ ಬೇಜಾರಾಗಿತ್ತು. ಅಷ್ಟೊತ್ತಿಗೆ ಸಿರುಗುಪ್ಪದ ಕಡೆಯ ಹಳ್ಳಿಯಿಂದ ಸೋದರಮಾವ ಫೋನ್ ಮಾಡಿದರು. ಕಾರಹುಣ್ಣಿಮೆಗೆ ಎತ್ತಿಗೆ ಹೊಸ ಝೂಲ, ಅಂದರೆ ಬೆನ್ನ ಮೇಲೆ ಹೊದಿಸುವ ಬಟ್ಟೆ, ಹೊಲಿಸುತ್ತಿದ್ದಾರಂತೆ. ಅದರ ಮೇಲೆ ಬಸ್ಯಾನ ಮುಖ ಬರಬೇಕಂತೆ. ಬಸ್ಯಾ ಅಂದರೆ ಅವರ ಬಿಳಿ ಕಿಲಾರಿ ಎತ್ತು.

“ನಿನ್ ಮಿಷನ್‌ನ್ಯಾಗ ಫೋಟೋ ಹಾಕಿದ್ರ ತಾನಾ ಹೊಲಿತೈತಂತಲ್ಲವ್ವಾ?”

“ಹೂಂ ಮಾವಾ, ಕಳಿಸ್ರಿ” ಅಂದುಬಿಟ್ಟೆ.

ಫೋಟೋ ವಾಟ್ಸಾಪ್‌ನಲ್ಲಿ ಬಂತು. ಬೇವಿನ ಮರದ ಕೆಳಗೆ ಬಸ್ಯಾ ನಿಂತಿದ್ದಾನೆ. ಹಿಂದೆ ನೀಲಿ ನೈಲಾನ್ ಹಗ್ಗ, ಅರ್ಧ ಟ್ರ್ಯಾಕ್ಟರ್. ನಾನು ಅದನ್ನು ಹಾಗೇ ಪೆನ್‌ಡ್ರೈವ್‌ಗೆ ಹಾಕಿ ಮಿಷನ್‌ಗೆ ಚುಚ್ಚಿದೆ. ಪರದೆ ಮೇಲೆ ಏನೂ ಇಲ್ಲ. ಪೆನ್‌ಡ್ರೈವ್ ಖಾಲಿ ಇದೆಯೇನೋ ಅನ್ನುವ ಹಾಗೆ ಸುಮ್ಮನೆ ಕೂತಿತ್ತು. ನನ್ನ ಮಿಷನ್‌ಗೆ ಪಿಇಎಸ್ ಅನ್ನುವ ಹೊಲಿಗೆ ಫೈಲ್ ಬೇಕು. ಜೆಪಿಜಿ ಅದರ ಲೆಕ್ಕಕ್ಕೇ ಇಲ್ಲ.

ಆಗಿನ್ನೂ ಇದೊಂದು ಫೈಲ್ ಬದಲಾಯಿಸುವ ಕೆಲಸ ಅಂದುಕೊಂಡಿದ್ದೆ. ವರ್ಡ್ ಫೈಲನ್ನು ಪಿಡಿಎಫ್ ಮಾಡಲ್ವಾ, ಹಾಗೆ. ತಮ್ಮನ ಹಳೇ ಲ್ಯಾಪ್‌ಟಾಪ್‌ನಲ್ಲಿ ಒಂದು ಸಾಫ್ಟ್‌ವೇರ್ ಇತ್ತು. ಫೋಟೋ ಕೊಟ್ಟು ಬಟನ್ ಒತ್ತಿದರೆ ತಾನೇ ಹೊಲಿಗೆ ಮಾಡಿಕೊಡುತ್ತದೆ. ಒತ್ತಿದೆ. ಎರಡೇ ನಿಮಿಷಕ್ಕೆ ಫೈಲ್ ಬಂತು. 23 ಬಣ್ಣ, 31,000 ಹೊಲಿಗೆ. ಪರದೆ ಮೇಲೆ ನೋಡಿದರೆ ಥೇಟ್ ಬಸ್ಯಾ. ಖುಷಿಯಾಗಿ ಮಾವನಿಗೆ ಅದರದೇ ಫೋಟೋ ಕಳಿಸಿದೆ. ಅದೊಂದು ತಪ್ಪು ಮಾಡಬಾರದಿತ್ತು.

ನನ್ನದು ಒಂದೇ ಸೂಜಿಯ ಮಿಷನ್. ಬಣ್ಣ ಬದಲಾದಾಗಲೆಲ್ಲ ನಿಲ್ಲುತ್ತದೆ, ನಾನು ಎದ್ದು ದಾರ ಪೋಣಿಸಬೇಕು. ನಿಮಿಷಕ್ಕೆ 400 ಹೊಲಿಗೆಯ ವೇಗ. ಎಲ್ಲೂ ನಿಲ್ಲದೆ ಓಡಿದರೂ ಒಂದೂಕಾಲು ಗಂಟೆ ಬೇಕು. ಮೇ ತಿಂಗಳ ಬಳ್ಳಾರಿ ಬಿಸಿಲು, ದಾರ ಹಾರುತ್ತದೆ ಅಂತ ಫ್ಯಾನ್ ಬೇರೆ ಬಂದ್ ಮಾಡಿದ್ದೆ. ಏಳನೇ ಬಣ್ಣದ ಹೊತ್ತಿಗೆ ಟಕ್ ಟಕ್ ಅನ್ನುವ ಸದ್ದು ಧಡ್ ಧಡ್ ಆಯಿತು. ಬಿಳಿಯ ಮೇಲೆ ಬೂದು, ಬೂದಿನ ಮೇಲೆ ಇನ್ನೊಂದು ಬೂದು, ಅದೇ ಜಾಗಕ್ಕೆ ಸೂಜಿ ಮತ್ತೆ ಮತ್ತೆ ಇಳಿಯುತ್ತಿತ್ತು. ಬಟ್ಟೆ ರೊಟ್ಟಿ ಹಂಚಿನ ಹಾಗೆ ಗಟ್ಟಿ. ಆಮೇಲೆ ಸೂಜಿ ಮುರಿಯಿತು. ಫ್ರೇಮ್ ಎತ್ತಿ ನೋಡಿದರೆ ಕೆಳಗೆ ದಾರ ಗುಬ್ಬಿಗೂಡು ಕಟ್ಟಿ ಕೂತಿದೆ. ಕತ್ತರಿ ಹಾಕಿ ಬಿಡಿಸುವಷ್ಟರಲ್ಲಿ ಬಟ್ಟೆಯೂ ಹರಿಯಿತು.

ಹರಿದ ತುಂಡನ್ನೇ ಹಿಡಿದುಕೊಂಡು ಚಾಚಾ ಹತ್ತಿರ ಹೋದೆ.

ನಮ್ಮ ಕೌಲ್ ಬಜಾರ್ ಕಡೆ ಜೀನ್ಸ್ ಕೆಲಸ ಗೊತ್ತಿಲ್ಲದ ಮನೆ ಕಡಿಮೆ. ಒಬ್ಬರು ಕಟಿಂಗ್, ಒಬ್ಬರು ಹೊಲಿಗೆ, ಒಬ್ಬರು ಬರೀ ದಾರ ಕತ್ತರಿಸುವುದು. ಚಾಚಾ ಮಾಡುವುದು ಪಂಚಿಂಗ್. ಪ್ಯಾಂಟಿನ ಹಿಂದಿನ ಜೇಬಿನ ಮೇಲೆ ಡಿಸೈನ್ ಬರುತ್ತಲ್ಲ, ಅದರ ಫೈಲ್ ಮಾಡುವ ಕೆಲಸ. ಹಿಂದೆ ಇಂಥ ಮಿಷನ್‌ಗಳಿಗೆ ಡಿಸೈನ್ ಹೇಳಿಕೊಡಲು ಕಾಗದದ ಪಟ್ಟಿಗೆ ತೂತು ಹೊಡೆಯುತ್ತಿದ್ದರು. ತೂತು ಹೋಗಿ ಕಂಪ್ಯೂಟರ್ ಬಂತು. ಪಂಚಿಂಗ್ ಅನ್ನುವ ಹೆಸರು ಮಾತ್ರ ಉಳಿಯಿತು.

ಚಾಚಾ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಯಾರು ಪಂಚ್ ಮಾಡಿದ್ದು ಇದನ್ನ?”

“ಕಂಪ್ಯೂಟರೇ ಮಾಡ್ತು ಚಾಚಾ.”

“ಅದಕ್ಕೇ ನೋಡು ಬೇಟಾ, ಬೇವಿನ ಮರಾನೂ ಹೊಲಿದೈತಿ.”

ನಾನು ಬಗ್ಗಿ ನೋಡಿದೆ. ನಿಜ. ಬಸ್ಯಾನ ಮುಖದ ಮೇಲೆ ಬಿದ್ದಿದ್ದ ಎಲೆಗಳ ನೆರಳನ್ನೆಲ್ಲ ಸಾಫ್ಟ್‌ವೇರ್ ಬೇರೆ ಬೇರೆ ಬೂದು ಬಣ್ಣದ ತೇಪೆ ಮಾಡಿ ಒಂದರ ಮೇಲೊಂದು ಹಾಕಿತ್ತು. 23 ಬಣ್ಣಗಳಲ್ಲಿ ಹೆಚ್ಚಿನವು ಎತ್ತಿನವಲ್ಲ, ನೆರಳಿನವು. ನಮ್ಮ ಕಣ್ಣು ನೆರಳನ್ನು ನೆರಳು ಅಂತ ಬಿಟ್ಟುಬಿಡುತ್ತದೆ. ಅದಕ್ಕೆ ಅದು ಹೇಗೆ ಗೊತ್ತಾಗಬೇಕು?

ಚಾಚಾ ತಮ್ಮ ಒಂದು ಜೇಬಿನ ಡಿಸೈನ್ ತೆಗೆದು ನಿಧಾನಕ್ಕೆ ಓಡಿಸಿ ತೋರಿಸಿದರು. ಹೊಲಿಗೆ ಫೈಲಿನೊಳಗೆ ಚಿತ್ರ ಅಂತ ಏನೂ ಇರುವುದಿಲ್ಲ. ಇಷ್ಟು ಬಲಕ್ಕೆ ಹೋಗು, ಇಷ್ಟು ಮೇಲಕ್ಕೆ ಹೋಗು, ಸೂಜಿ ಇಳಿಸು, ಇಲ್ಲಿ ದಾರ ಕತ್ತರಿಸು, ಇಲ್ಲಿ ನಿಲ್ಲು. ಇಷ್ಟೇ. ಅಳತೆಯೆಲ್ಲ ಮಿಲಿಮೀಟರಿನ ಹತ್ತನೇ ಒಂದು ಭಾಗದಲ್ಲಿ. ಅವರ ದೊಡ್ಡ ಮಿಷನ್ ಓದುವ ಡಿಎಸ್‌ಟಿ ಫೈಲಿನಲ್ಲಂತೂ ಯಾವ ಬಣ್ಣ ಅನ್ನುವುದೂ ಇರುವುದಿಲ್ಲ. ಬಣ್ಣ ಬದಲಿಸು ಅಂತ ಮಾತ್ರ ಇರುತ್ತದೆ. ಅದಕ್ಕೇ ಪ್ರತಿ ಡಿಸೈನ್ ಜೊತೆ ಒಂದು ಚೀಟಿ ಬರೆದಿಡುತ್ತಾರೆ. ಒಂದು ಸಲ ಚೀಟಿ ಕಳೆದು ಹುಲಿಗೆ ಹಸಿರು ಪಟ್ಟೆ ಬಂದಿತ್ತಂತೆ. ಆ ಮಾಲೂ ಮಾರಾಟವಾಯಿತಂತೆ.

ಮನೆಗೆ ಬಂದು ಇಂಕ್‌ಸ್ಟಿಚ್ ಹಾಕಿಕೊಂಡೆ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ಗೆ ಜೋಡಿಸಿಕೊಳ್ಳುವಂಥದ್ದು, ಎರಡೂ ಉಚಿತ. ಫೋಟೋವನ್ನು ಕೆಳಗಿಟ್ಟು ಅದರ ಮೇಲೆ ನಾನೇ ಗೆರೆ ಎಳೆದೆ. ಹಗ್ಗ ಬಿಟ್ಟೆ, ಟ್ರ್ಯಾಕ್ಟರ್ ಬಿಟ್ಟೆ, ನೆರಳು ಬಿಟ್ಟೆ. ಬಿಳಿ, ಬೂದು, ಕಪ್ಪು, ಕೆಂಪು, ನಾಲ್ಕೇ ಬಣ್ಣ. ಕೆಂಪು ಕೊಂಬಿಗೆ. ಫೋಟೋದಲ್ಲಿ ಕೊಂಬು ಬೂದು ಬಣ್ಣದ್ದು. ಆದರೆ ಹಬ್ಬದ ದಿನ ಕೊಂಬಿಗೆ ಬಣ್ಣ ಬಳಿಯುತ್ತಾರೆ ಅಲ್ವಾ?

ಕೊಂಬು ಸುಲಭ ಅಂದುಕೊಂಡು ಪೂರ್ತಿ ಸ್ಯಾಟಿನ್ ಹೊಲಿಗೆ ಕೊಟ್ಟೆ. ಈ ಅಂಚಿನಿಂದ ಆ ಅಂಚಿಗೆ ಒಂದೇ ದಾರ, ನೋಡಲು ಮಿರಮಿರ. ಸಂಜೆ ಚಾಚಾಗೆ ತೋರಿಸಿದರೆ ತಲೆ ಅಲ್ಲಾಡಿಸಿದರು. ಬುಡದಲ್ಲಿ ಕೊಂಬಿನ ಅಗಲ 9 ಮಿ.ಮೀ. ಇತ್ತು. 7 ಮಿ.ಮೀ. ದಾಟಿದರೆ ದಾರ ಸಡಿಲ ನಿಲ್ಲುತ್ತದೆ. “ಎತ್ತಿನ ಮೈಮ್ಯಾಲಿನ ಬಟ್ಟೆ ಬೇಟಾ, ಬೇಲಿ ಮುಳ್ಳಿಗೆ ಒಂದು ದಾರ ಸಿಕ್ರ ಕೊಂಬೇ ಹೋತು.” ಬುಡಕ್ಕೆ ಚಿಕ್ಕ ಚಿಕ್ಕ ಹೊಲಿಗೆಯ ಸಾಲುಗಳಿಂದ ತುಂಬುವ ತುಂಬು ಹೊಲಿಗೆ, ತುದಿಗೆ ಮಾತ್ರ ಸ್ಯಾಟಿನ್ ಮಾಡಿದೆ. ಬಟ್ಟೆಗೂ ದಾರಿ ಅವರೇ ಹೇಳಿದರು. ಝೂಲದ ಮೇಲೆ ನೇರ ಹೊಲಿಯಬೇಡ, ಜೀನ್ಸ್ ತುಂಡಿನ ಮೇಲೆ ಹೊಲಿದು ಆಮೇಲೆ ಅದನ್ನು ಝೂಲಕ್ಕೆ ಹಚ್ಚು ಅಂತ. ಕಟಿಂಗ್‌ನಲ್ಲಿ ಉಳಿದ ಗಟ್ಟಿ ಡೆನಿಮ್ ತುಂಡುಗಳನ್ನು ಒಂದು ಚೀಲ ಕೊಟ್ಟರು.

ಮೊದಲ ತುಂಡಿನಲ್ಲಿ ಕಣ್ಣು ಕೆಟ್ಟಿತು. ನಾನು ಬರೆದದ್ದು ದುಂಡಗಿನ ಕಣ್ಣು, ಬಂದದ್ದು ನಿಂತ ಮೊಟ್ಟೆ. ದಾರ ಬಿಗಿಯಾದಾಗ ತಾನು ಓಡುವ ದಿಕ್ಕಿನಲ್ಲಿ ಬಟ್ಟೆಯನ್ನು ಒಳಗೆಳೆಯುತ್ತದೆ. ಅಡ್ಡ ಹೊಲಿದರೆ ಅಡ್ಡಕ್ಕೆ ಕುಗ್ಗುತ್ತದೆ. ಹಾಗಾಗಿ ಪರದೆ ಮೇಲೆ ಬೇಕಂತಲೇ ಅಗಲ ಬರೆಯಬೇಕು. ಎರಡೂ ಕಡೆ 0.3 ಮಿ.ಮೀ. ಜಾಸ್ತಿ ಕೊಟ್ಟೆ. ಪರದೆಯಲ್ಲಿ ಸೊಟ್ಟ ಕಂಡದ್ದು ಬಟ್ಟೆ ಮೇಲೆ ದುಂಡಗೆ ಬಂತು. ಇನ್ನೊಂದು, ನೀಲಿ ಡೆನಿಮ್ ಮೇಲೆ ಬಿಳಿ ದಾರ ಹಾಕಿದರೆ ಸಂದಿಯಲ್ಲಿ ನೀಲಿ ಇಣುಕುತ್ತದೆ. ಮೊದಲು ವಿರಳವಾಗಿ ಅಡ್ಡ ಒಂದು ಪದರ ಹೊಲಿದು, ಅದರ ಮೇಲೆ 0.4 ಮಿ.ಮೀ. ಅಂತರದಲ್ಲಿ ಸಾಲು ಹಾಕಿದ ಮೇಲೆ ಅದು ಮುಚ್ಚಿತು.

7,200 ಹೊಲಿಗೆ. ಅರ್ಧ ಗಂಟೆಯೊಳಗೆ ಮುಗಿಯಿತು, ಒಂದು ಸಲವೂ ದಾರ ಕಡಿಯಲಿಲ್ಲ. ಅವತ್ತೇ ಮಾವ ಯಾವುದೋ ಕೆಲಸಕ್ಕೆ ಬಳ್ಳಾರಿಗೆ ಬಂದಿದ್ದರು. ತುಂಡನ್ನು ಅವರ ಕೈಗಿಟ್ಟೆ.

“ಇಷ್ಟಾ? ಅಂಗೈಯಷ್ಟೈತಲ್ಲವ್ವಾ” ಅಂದರು. ನನ್ನ ಫ್ರೇಮ್ ಇರುವುದೇ 100 ಮಿ.ಮೀ. ಉದ್ದ, ಅಷ್ಟೇ ಅಗಲ ಅಂತ ಹೇಳಿದೆ. ಅದಕ್ಕೆ ಒಪ್ಪಿದರು. ಆಮೇಲೆ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

“ಎತ್ತೇನೋ ಚಂದೈತಿ. ಸುಳಿ ಎಲ್ಲಿ?”

ಬಸ್ಯಾನ ಹಣೆ ಮೇಲೆ ಕೂದಲ ಸುಳಿ ಇದೆ. ಸಂತೆಯಲ್ಲಿ ಅದನ್ನೇ ನೋಡಿ ತಂದ ಎತ್ತಂತೆ. ಸುಳಿ ಇಲ್ಲದಿದ್ದರೆ ಅದು ಯಾರ ಎತ್ತು ಬೇಕಾದರೂ ಆಗಬಹುದು. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬಿಳಿಯ ಮೇಲೆ ಬಿಳಿ. ಬೂದು ದಾರದಲ್ಲಿ ಒಂದು ಸುತ್ತು ಹಾಕಿದರೆ ಯಾರೋ ಸಗಣಿ ಬೆರಳು ಒತ್ತಿದ ಹಾಗೆ ಕಾಣುತ್ತಿತ್ತು.

ರಾತ್ರಿ ಹಳೇ ಬ್ಲೌಸಿನ ನವಿಲನ್ನು ಮಡಚಿಡುವಾಗ ಅದರ ಗರಿ ಬೆಳಕಿಗೆ ಎರಡು ಹಸಿರಾಗಿ ಕಂಡಿತು. ದಾರ ಒಂದೇ, ಓಡಿದ ದಿಕ್ಕು ಬೇರೆ. ತಿರುಗಿಸಿದರೆ ಕಡುಹಸಿರು ತಿಳಿಯಾಗುತ್ತಿತ್ತು.

ಅಲ್ಲೇ ಕೂತು ಹಣೆಯನ್ನು ಆರು ತುಂಡು ಮಾಡಿದೆ, ಹೂವಿನ ಎಸಳಿನ ಹಾಗೆ. ಎಲ್ಲದಕ್ಕೂ ಅದೇ ಬಿಳಿ ದಾರ. ಒಂದೊಂದು ಎಸಳಿಗೆ ದಾರದ ಕೋನ ಮಾತ್ರ 30 ಡಿಗ್ರಿ ತಿರುಗಿಸುತ್ತಾ ಹೋದೆ. ಪರದೆ ಮೇಲೆ ಏನೂ ಗೊತ್ತಾಗಲಿಲ್ಲ, ಬರೀ ಬಿಳಿ. ಬೆಳಿಗ್ಗೆ ಹೊಲಿದು, ಬಟ್ಟೆಗೆ ಆಸರೆಯಾಗಿ ಹಿಂದೆ ಇಟ್ಟಿದ್ದ ಪೇಪರ್ ಹರಿದು, ಕಿಟಕಿಯ ಹತ್ತಿರ ಹಿಡಿದೆ. ಸುಳಿ ಇತ್ತು. ತುಂಡನ್ನು ಅಲ್ಲಾಡಿಸಿದರೆ ಸುತ್ತುತ್ತಲೂ ಇತ್ತು. ಅಮ್ಮನನ್ನು ಕೂಗಿ ತೋರಿಸಿದೆ. “ಮೊದ್ಲು ಚಾ ಕುಡಿ” ಅಂದಳು.

ಕಾರಹುಣ್ಣಿಮೆಗೆ ನಾನು ಹೋಗಲಿಲ್ಲ, ಬ್ಲೌಸ್ ಆರ್ಡರ್ ಇದ್ದವು. ಮಾವ ಫೋನ್ ಮಾಡಿ ಊರಲ್ಲಿ ಎಲ್ಲರೂ ಸುಳಿ ಮುಟ್ಟಿ ನೋಡಿದರು ಅಂದರು. ಬಾಕಿ ಮಾತೆಲ್ಲ ಮುಗಿದ ಮೇಲೆ, ಜೋಡಿ ಎತ್ತು ಅಂದ ಮೇಲೆ ಒಂದಕ್ಕೆ ಮಾಡಿ ಇನ್ನೊಂದನ್ನು ಬಿಟ್ಟರೆ ಹೆಂಗವ್ವಾ ಅಂದರು. ಆ ಎತ್ತಿಗೆ ಸುಳಿ ಎರಡಂತೆ. ಫೋನ್ ಇಟ್ಟ ಐದೇ ನಿಮಿಷಕ್ಕೆ ಫೋಟೋ ಬಂತು. ಅದೇ ಬೇವಿನ ಮರದ ಕೆಳಗೆ ನಿಲ್ಲಿಸಿದ್ದಾರೆ.